ಹಾಡಿಲ್ಲದ ಹೆಸರು

ನನ್ನ ಮಗಳ ಹೆಸರಿನಲ್ಲಿ ಈ ಭೂಮಂಡಲದ ಮೇಲೆ ಒಂದೇ ಒಂದು ಹಾಡೂ ಇರಕೂಡದು. ಹೆರಿಗೆಯಾಗಿ ಕಣ್ಣು ಬಿಟ್ಟೊಡನೆ ನಾನು ಮಾಡಿದ ಭೀಷ್ಮಪ್ರತಿಜ್ಞೆ ಇದು.

ಕಾರಣವಿದೆ. ನಾನು ಹುಟ್ಟುವ ಮೊದಲೇ ಯಾರೋ ಪುಣ್ಯಾತ್ಮರು ‘ಸುಮಾ’ ಎಂದು ನನ್ನ ಹೆಸರಿನಿಂದಲೇ ಶುರುವಾಗುವ ಸಿನಿಮಾ ಹಾಡೊಂದನ್ನು ಮಾಡಿಟ್ಟು ಹೋಗಿದ್ದರು. ಹರಿಹರದಿಂದ ದಾವಣಗೆರೆಗೆ ಕಾಲೇಜಿಗೆ ಬರುವಾಗ ಬಸ್ಸಿನ ಹಿಂದಿನ ಸೀಟು ಅದನ್ನು ಹಾಡುತ್ತಿತ್ತು. ಮದುವೆಯಲ್ಲಿ ಬ್ಯಾಂಡಿನವರು ಊದಿದರು. ಕೊನೆಗೆ ಹೆರಿಗೆ ವಾರ್ಡಿನಲ್ಲೂ ಪಕ್ಕದ ಮಂಚದವರ ಫೋನು ಅದೇ ರಾಗ ತೆಗೆಯಿತು. ನಾನು ಹಲ್ಲು ಕಡಿದದ್ದು ನೋವಿಗಲ್ಲ, ಅದಕ್ಕೆ.

ನನ್ನ ಗಂಡ ತಿಮ್ಮೇಶ್‌ಗೆ ಹಾಡಿನ ಹುಚ್ಚು. ನಾನು ಯಾವ ಹೆಸರೆತ್ತಿದರೂ ಪಲ್ಲವಿ ಸಿದ್ಧ. ದೇವಿಯ ಹೆಸರಿಗೆ ಭಜನೆ, ನದಿಯ ಹೆಸರಿಗೆ ಭಾವಗೀತೆ, ಹೂವಿನ ಹೆಸರಿಗೆ ಸಿನಿಮಾ.

“ಅಷ್ಟ್ಯಾಕ ತಲೆ ಕೆಡಿಸ್ಕಂತೀ? ನನ್ನ ಹೆಸರೇ ಇಡು,” ಎಂದರು ಅತ್ತೆ ಹುಲಿಗೆಮ್ಮ.

ತಿಮ್ಮೇಶ್ ತಕ್ಷಣ ಚಪ್ಪಾಳೆ ತಟ್ಟುತ್ತಾ ಹುಲಿಗೆಮ್ಮ ದೇವಿಯ ಭಜನೆ ಎತ್ತಿಕೊಂಡರು.

“ರೀ, ನಿಮಗೆ ಬೇರೆ ಕೆಲಸ ಇಲ್ಲೇನ್ರಿ?”

“ಐತೆ. ನೀನು ಇನ್ನೊಂದು ಹೆಸರು ಹೇಳು.”

ಅಂತೂ ಸಿಕ್ಕಿತು: ತ್ವಿಷಾ. ಬೆಳಕು ಎಂದರ್ಥ. ಫೋನಿನಲ್ಲಿ ಜಾಲಾಡಿದೆ, ಹಾಡಿನ ಸುಳಿವೇ ಇಲ್ಲ. ತಿಮ್ಮೇಶ್ ಬಾಯಿ ತೆರೆದರು, ಯೋಚಿಸಿದರು, ಮುಚ್ಚಿದರು. ಆ ಮುಚ್ಚಿದ ಬಾಯಿಯ ಸೊಗಸನ್ನು ಅಂದಿನ ಡೈರಿಯಲ್ಲಿ ಒಂದು ಪುಟ ವರ್ಣಿಸಿದ್ದೇನೆ.

ಹರಿಹರದ ನನ್ನ ತವರಿನಲ್ಲಿ ತೊಟ್ಟಿಲ ಶಾಸ್ತ್ರ. ಮಗುವಿನ ಕಿವಿಯಲ್ಲಿ ಹೆಸರು ಹೇಳಿದ್ದಾಯಿತು. ಇನ್ನು ಹೆಂಗಸರು ಆ ಹೆಸರು ಸೇರಿಸಿ ಜೋಗುಳ ಹಾಡಬೇಕು. ಈ ಪದ್ಧತಿ ನನಗೆ ನೆನಪೇ ಆಗಿರಲಿಲ್ಲ. ಓಣಿಯ ತೊಟ್ಟಿಲುಗಳಿಗೆಲ್ಲ ಹಾಡಿದ ಮೈಲಮ್ಮಜ್ಜಿ ದನಿಯೆತ್ತಿದರು. ಚೆನ್ನಾಗಿಯೇ ಹೊರಟ ಜೋಗುಳ ಹೆಸರಿನ ಹತ್ತಿರ ಬಂದು, ಹಂಪ್ ಕಂಡ ಆಟೊದಂತೆ ಗಕ್ಕನೆ ನಿಂತಿತು.

“ಎಂಥಾ ಹೆಸರವ್ವ ಇದು? ತ್ವಿ ಅನ್ನೋದ್ರಾಗೆ ಉಸಿರು ಮುಗೀತೈತೆ. ಷಾ ಅನ್ನಾಕೆ ಎಲ್ಲಿಂದ ತರ್ಲಿ?”

“ಇನ್ನೊಂದ್ಸಲ ನೋಡಜ್ಜಿ.”

ನೋಡಿದರು. ಮಗು ಕಿಟಾರನೆ ಚೀರಿತು. ಹೆಂಗಸರು ತೊಟ್ಟಿಲ ಹಗ್ಗ ಬಿಟ್ಟು ನನ್ನ ಮುಖ ನೋಡತೊಡಗಿದರು.

“ಹಾಡಿಲ್ದೆ ತೊಟ್ಲು ತೂಗಬಾರ್ದು,” ಎಂದರು ಅತ್ತೆ. “ಹಾಡಾದ್ರೂ ಆಗ್ಲಿ, ಹೆಸರಾದ್ರೂ ಬದಲಾಗ್ಲಿ. ಹುಲಿಗೆಮ್ಮ ಅಂದ್ರೆ ಈಗ್ಲೇ ಮುಗೀತೈತೆ.”

ಹೆಸರೇ ಕೈಬಿಟ್ಟು ಹೋಗುವ ಹೊತ್ತು. ಹಗ್ಗ ಕೈಗೆತ್ತಿಕೊಂಡೆ. ಬಾಯಿಗೆ ಬಂದದ್ದನ್ನು ಒದರಿದೆ:

“ತ್ವಿಷಾ ತ್ವಿಷಾ ಅಳಬ್ಯಾಡ,
ಮಿರ್ಚಿ ಖಾರ ತಿನಬ್ಯಾಡ,
ಮಂಡಕ್ಕಿ ಮ್ಯಾಲೆ ಕುಂತ್ಕಂಡು
ಅಪ್ಪನ ಹಾಡು ಕೇಳಬ್ಯಾಡ!”

ಮಗು ಥಟ್ಟನೆ ಸುಮ್ಮನಾಯಿತು. ಬೊಚ್ಚು ಬಾಯಿ ಬಿಟ್ಟು ನಕ್ಕಿತು. ಮೈಲಮ್ಮಜ್ಜಿ ಸಾಲು ಎತ್ತಿಕೊಂಡರು, ಉಳಿದವರು ಸೊಲ್ಲು ಹಿಡಿದರು. ಊಟಕ್ಕೆ ಎಲೆ ಹಾಕುವಷ್ಟರಲ್ಲಿ ತಿಮ್ಮೇಶ್ ಅದರ ವಿಡಿಯೋವನ್ನು ಬಂಧುಬಳಗಕ್ಕೆಲ್ಲ ಕಳಿಸಿಯಾಗಿತ್ತು.

ದಾವಣಗೆರೆಗೆ ಮರಳಿದರೆ, ಹಾಡು ನನಗಿಂತ ಮೊದಲೇ ನಮ್ಮ ಬಡಾವಣೆ ನಿಟ್ಟುವಳ್ಳಿ ತಲುಪಿತ್ತು. ಆಟೊದ ಅರ್ಬಾಜ್ ಚೀಲ ಇಳಿಸುತ್ತಾ ಗುನುಗಿದ. ಸೊಪ್ಪಿನಾಕೆ ಬಾಗಿಲಲ್ಲಿ, “ತ್ವಿಷಾ ತ್ವಿಷಾ, ಮೆಂತ್ಯ ಐತೆ,” ಎಂದು ಕೂಗಿದಳು. ಲಸಿಕೆ ಹಾಕಿಸಲು ಹೋದರೆ, ನರ್ಸಮ್ಮ ಹೆಸರು ಕೇಳಿದ್ದೇ ತಡ, ಸೂಜಿ ಹಿಡಿದುಕೊಂಡು ಎರಡನೇ ಸಾಲು ಹಾಡಿದರು. ಮಗಳಂತೂ ಅದಿಲ್ಲದೆ ರೆಪ್ಪೆ ಮುಚ್ಚುವುದಿಲ್ಲ.

“ಎಲ್ಲಾ ನಿಮ್ಮಿಂದ್ಲೇ,” ಎಂದೆ ಗಂಡನಿಗೆ.

“ನಾನು ಬರೀ ಫೋನ್ ಹಿಡ್ಕಂಡಿದ್ದೆ. ಹಾಡಿದಾಕಿ ಯಾರು?”

ನಿನ್ನೆ ಪಕ್ಕದ ಮನೆಯ ಸಾಯಿಮಾ ತನ್ನ ಹಸುಗೂಸನ್ನು ಅವಚಿಕೊಂಡು ಬಂದಳು.

“ಭಾಳ ಅಳ್ತೈತ್ರಿ ಅಕ್ಕ. ನಮ್ಮ ಹುಡುಗಿಗೂ ಒಂದು ಹಾಡು ಕಟ್ಟಿಕೊಡ್ರಿ.”

“ಹೆಸರೇನು?”

“ಇನ್ನೂ ಇಟ್ಟಿಲ್ರಿ. ಯಾರೂ ಇಡದಂಥ ಹೊಸಾ ಹೆಸರು ಹುಡುಕಾಕತ್ತೀವಿ.”

ಕೂಸಿನ ಕೆಂಪು ಮೂತಿ ನೋಡಿದೆ. ನನ್ನ ಪ್ರತಿಜ್ಞೆ ಗಂಟಲವರೆಗೂ ಬಂತು. ಹೊರಬಿದ್ದ ಮಾತೇ ಬೇರೆ:

“ಹೊಸಾದು ಗಿಸಾದು ಬ್ಯಾಡ ಸಾಯಿಮಾ. ರಾಗಕ್ಕೆ ಕೂಡೋ ಹೆಸರು ಇಡ್ರಿ. ಮುಂದಿಂದು ನಾನು ನೋಡ್ಕಂತೀನಿ.”