ತಂಗಳಿಗೆ ತೀರ್ಪು ಕೊಡುವ ಫ್ರಿಜ್ಜು

ನಮ್ಮ ಮನೆಯಲ್ಲಿ ಅನ್ನ ಮುಗಿಯುವುದೇ ಇಲ್ಲ, ವೇಷ ಬದಲಿಸುತ್ತದೆ. ಇದು ದೂರು, ಹೊಗಳಿಕೆಯಲ್ಲ. ರಾತ್ರಿಯ ಅನ್ನ ಬೆಳಿಗ್ಗೆ ಚಿತ್ರಾನ್ನವಾಗಿ ಎದುರಿಗೆ ಬರುತ್ತದೆ. ಅದೂ ಉಳಿದರೆ ಕಡಲೆಹಿಟ್ಟು ಮೆತ್ತಿಕೊಂಡು ಸಂಜೆಗೆ ವಡೆಯಾಗುತ್ತದೆ. ನಿನ್ನೆಯ ಜೋಳದ ರೊಟ್ಟಿಯಂತೂ ಮಜ್ಜಿಗೆಯಲ್ಲಿ ನೆನೆದು, ಬೆಳ್ಳುಳ್ಳಿ ಒಗ್ಗರಣೆ ಹಾಕಿಸಿಕೊಂಡು, ಮದುಮಗನ ಹಾಗೆ ಠೀವಿಯಿಂದ ತಟ್ಟೆಗೆ ಬರುತ್ತದೆ. "ಇದು ತಂಗಳಲ್ಲೇನು?" ಎಂದು ಕೇಳಿದರೆ ನನ್ನ ಹೆಂಡತಿ ಮಾಸುಮಾಬಿಯ ಉತ್ತರ ಸಿದ್ಧವಿರುತ್ತದೆ.

"ಒಲಿ ಮ್ಯಾಲಿಂದ ಈಗ ಇಳಿಸೀನಿ, ಹೊಗಿ ಏಳಾಕ ಹತ್ತೈತಿ. ತಂಗಳ ಹೆಂಗಾತು? ಸುಮ್ನ ಉಣ್ರಿ."

ನಾನು ಹಸನಸಾಬ್. ಬಳ್ಳಾರಿಯ ಕೌಲ್ ಬಜಾರಿನಲ್ಲಿ ತಾಡಪಾಲು ಹೊಲಿಯುವ ಅಂಗಡಿ ಇಟ್ಟವನು. ಅದಿರಿನ ಲಾರಿಗಳು ಊರಿಗೆಲ್ಲ ಕೆಂಪು ಬಳಿಯುತ್ತಾ ಓಡುತ್ತಿದ್ದ ಕಾಲದ ಮಾತಿದು. ಲಾರಿಗೊಂದು ತಾಡಪಾಲು ಹೊದಿಸಬೇಕೆಂದು ನಿಯಮವಿತ್ತು. (ಹೊದಿಸುತ್ತಿದ್ದರೋ ಇಲ್ಲವೋ, ಅಂದಿನ ನನ್ನ ಬಿಳಿ ಅಂಗಿಗಳನ್ನು ಕೇಳಬೇಕು.) ಊರಿಗೆ ಊರೇ ಏನೇನೋ ಕೊಳ್ಳುತ್ತಿತ್ತು. ಸೈಕಲ್ಲಿದ್ದವರು ಕಾರು ತಂದರು, ಕಾರಿದ್ದವರು ಹೆಲಿಕಾಪ್ಟರು ತಂದರು. ನಾನು ಫ್ರಿಜ್ಜು ತಂದೆ.

ಎಂಥ ಫ್ರಿಜ್ಜು ಅಂತೀರಿ! ಚೀನಾದ್ದು, ಎರಡು ಬಾಗಿಲಿನದು, ಬಣ್ಣ ಕೆಂಪು. ನಮ್ಮ ಸಂಡೂರಿನ ಮಣ್ಣೇ ಹಡಗು ಹತ್ತಿ ಚೀನಾಕ್ಕೆ ಹೋಗಿ, ಅಲ್ಲಿ ತಣ್ಣಗಾಗಿ, ಫ್ರಿಜ್ಜಾಗಿ ತವರಿಗೆ ಮರಳಿದೆ ಎಂದು ನನಗೆ ರೋಮಾಂಚನವಾಯಿತು. ಅಂಗಡಿಯವನು ಅದರ ಬಾಗಿಲನ್ನು ಸವರುತ್ತಾ ಹೇಳಿದ.

"ಇದು ಶ್ಯಾಣ್ಯಾ ಫ್ರಿಜ್ಜು, ಸಾಹೇಬ್ರ. ಬಾಗಲದ ಮ್ಯಾಲ ಚಿತ್ರದ ಬಟನ್ ಅದಾವು ನೋಡ್ರಿ. ಒಳಗ ಏನು ಇಡ್ತೀರೋ ಅದರ ಚಿತ್ರ ಒತ್ರಿ. ಅದರ ದಿನ ಮುಗೀತಂದ್ರ ತಾನ ಬಾಯಿ ಬಿಟ್ಟು ಹೇಳತೈತಿ. ಇನ್ನ ಮನಿಯಾಗ ಒಂದು ತುತ್ತು ಹಾಳಾಗಂಗಿಲ್ಲ."

ಮನೆಗೆ ಬಂದು ಈ ಭಾಷಣವನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಮಾಸುಮಾಬಿ ಸೆರಗಿಗೆ ಕೈ ಒರೆಸಿಕೊಂಡು ಕೇಳಿದಳು: "ಅಲ್ರಿ, ನಮ್ಮ ಮನಿಯಾಗ ಈಗ ಏನು ಹಾಳಾಗತೈತಿ?"

ನಾನೂ ಅಂಗಡಿಯವನಂತೆಯೇ ಫ್ರಿಜ್ಜಿನ ಬಾಗಿಲನ್ನು ಸವರಿದೆ. "ನಿನಗ ತಿಳಿಯಂಗಿಲ್ಲ ಬಿಡು, ಇದು ವಿಜ್ಞಾನ," ಅಂದೆ.

ತೊಡಕು ಮೊದಲ ದಿನವೇ ಶುರುವಾಯಿತು. ಬಾಗಿಲ ಮೇಲೆ ಎಲೆಕೋಸಿತ್ತು, ಮೀನಿತ್ತು, ಹಾಲು, ಮೊಟ್ಟೆ, ಬ್ರೆಡ್ಡು, ಸೇಬು, ಕೊನೆಗೆ ಒಂದು ನೀರಿನ ಬಾಟಲಿಯೂ ಇತ್ತು. ಜೋಳದ ರೊಟ್ಟಿ ಇರಲಿಲ್ಲ. ಶೇಂಗಾ ಚಟ್ನಿ ಇರಲಿಲ್ಲ. ಚೀನಾದವರು ಪಾಪ, ನಮ್ಮ ಮಣ್ಣು ಕೊಂಡರೇ ಹೊರತು ಊಟ ವಿಚಾರಿಸಲಿಲ್ಲ. ನಾನೇ ವರ್ಗೀಕರಣ ಖಾತೆಯ ಮಂತ್ರಿಯಾಗಿ, ರೊಟ್ಟಿ ಇಟ್ಟಾಗ ಬ್ರೆಡ್ಡು ಒತ್ತಿದೆ, ಯಾವ ಪಲ್ಯ ಇಟ್ಟರೂ ಎಲೆಕೋಸು ಒತ್ತಿದೆ.

ಕೆಲವು ದಿನ ಕಳೆದ ಮೇಲೆ ಅಡುಗೆಮನೆಯಿಂದ ಜೇನಿನಂಥ ಹೆಣ್ಣುದನಿಯೊಂದು ಇಂಗ್ಲಿಷಿನಲ್ಲಿ ಏನೋ ಉಲಿಯಿತು. ಮಾಸುಮಾಬಿ ಲಟ್ಟಣಿಗೆ ಹಿಡಿದೇ ಓಡಿ ಬಂದಳು.

"ಯಾರ್ರಿ ಆಕಿ? ಏನಂತಾಳ?"

"ಹಳೇದಾಗೈತಿ, ತೆಗೀರಿ ಅಂತಾಳ."

"ಯಾವುದು, ಖಡಕ್ ರೊಟ್ಟಿ? ತಿಂಗಳಗಟ್ಲೆ ಇಟ್ರೂ ಏನೂ ಆಗಂಗಿಲ್ಲ ಅವು! ಒಂದು ದಿನನಾದ್ರೂ ರೊಟ್ಟಿ ಬಡಿದಾಳೇನು ಆಕಿ?"

ನನಗೆ ಮಾತ್ರ ಒಳಗೊಳಗೇ ಹಬ್ಬ. ಇಷ್ಟು ವರ್ಷಗಳ ಸಂಸಾರದಲ್ಲಿ ತಂಗಳಿನ ವಿರುದ್ಧ ತೀರ್ಪು ಕೊಡುವ ನ್ಯಾಯಾಧೀಶರೊಬ್ಬರು ಕೊನೆಗೂ ನಮ್ಮ ಮನೆಗೆ ಬಂದಿದ್ದರು. ಅಂದಿನಿಂದ ಆಕೆ ಉಲಿದದ್ದೇ ತಡ, ನಾನು ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ಹೋಗಿ ಪಕ್ಕದ ಮನೆಯ ವಿರೂಪಮ್ಮನನ್ನು ಕೂಗುತ್ತಿದ್ದೆ. "ತಗೋ ಬೇ, ನಿಮ್ಮ ಎಮ್ಮಿಗೆ ಹಾಕು." ಆಕೆ ಗೋಡೆಯ ಆಚೆಯಿಂದ ಕೈ ಚಾಚಿ ಇಸಿದುಕೊಳ್ಳುತ್ತಿದ್ದಳು. ನಮ್ಮಲ್ಲಿ ಊಟದ ರುಚಿಯೇ ಬದಲಾಯಿತು. "ನೋಡು, ತಾಜಾ ಅಂದ್ರ ಇದು!" ಎಂದು ನಾನು ಒಂದೊಂದು ವಡೆಗೂ ತಲೆದೂಗುತ್ತಿದ್ದೆ. ಮಾಸುಮಾಬಿ ತಲೆ ತಗ್ಗಿಸಿ ಇನ್ನೊಂದು ಬಡಿಸುತ್ತಿದ್ದಳು. ಸೋತಳು ಪಾಪ ಅಂದುಕೊಂಡೆ.

ಈ ವಿಜಯಯಾತ್ರೆ ನಿಂತದ್ದು ಒಂದು ಪಿಂಗಾಣಿ ಜಾಡಿಯ ಮುಂದೆ. ಕುರುಗೋಡಿನಲ್ಲಿರುವ ನನ್ನ ಅತ್ತೆ ವರ್ಷಕ್ಕೊಮ್ಮೆ ಪುಂಡಿಸೊಪ್ಪಿನ ಚಟ್ನಿ ಮಾಡಿ ಕಳಿಸುತ್ತಾರೆ. ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಮೇಲೆ ತೇಲುವಷ್ಟು ಎಣ್ಣೆ. ವರ್ಷ ಕಳೆದರೂ ಕೆಡುವುದಿಲ್ಲ. ಆ ವರ್ಷ ಮುದುಕಿಗೆ ಕೈನೋವು, ಕುಟ್ಟಲು ಆಗದೆ ಒಂದೇ ಒಂದು ಜಾಡಿ ಮಾಡಿದ್ದರು. ಮರ್ಯಾದೆಗೆಂದು ಅದನ್ನು ನಾನೇ ಫ್ರಿಜ್ಜಿನಲ್ಲಿಟ್ಟೆ. ಸೊಪ್ಪೆಂದರೆ ಸೊಪ್ಪೇ ಎಂದು ಎಲೆಕೋಸು ಒತ್ತಿದೆ. ಕೆಲವೇ ದಿನಕ್ಕೆ ಫ್ರಿಜ್ಜಿನಾಕೆ ಉಲಿದಳು. ಜಾಡಿಯನ್ನು ಒಮ್ಮೆ ಎತ್ತಿ ಮತ್ತೆ ಒಳಗಿಟ್ಟೆ, ಸುಳ್ಳು ಯಾಕೆ ಹೇಳಲಿ. ಆದರೆ ಕಾನೂನು ಅತ್ತೆಗೂ ಒಂದೇ ಎಂದುಕೊಂಡು, ಮಾಸುಮಾಬಿ ಮಾರ್ಕೆಟ್ಟಿಗೆ ಹೋದ ಹೊತ್ತು ನೋಡಿ ಜಾಡಿಯನ್ನೂ ಗೋಡೆ ದಾಟಿಸಿದೆ.

ಅದೇ ವಾರ ಸಿರುಗುಪ್ಪದಿಂದ ಮಗಳು ಶಬನಂ ಬಂದಳು. ಚೊಚ್ಚಲ ಬಸುರಿ. ತಿಂದದ್ದು ಒಂದೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ತವರಿನ ಊಟವಾದರೂ ಒಗ್ಗಲಿ ಎಂದು ಅತ್ತೆಮನೆಯವರು ಕಳಿಸಿದ್ದರು. ಮಗಳ ಮುಖ ಬಾಡಿ ಬದನೆಕಾಯಿಯಾಗಿತ್ತು. ಡಾಕ್ಟರಮ್ಮ, "ಏನಾದ್ರೂ ಒಳಗ ಹೋಗಬೇಕ್ರಿ. ಇಲ್ಲಂದ್ರ ಆಸ್ಪತ್ರಿಗೆ ಸೇರಿಸಿ ಸಲಾಯಿನ್ ಹಚ್ಚಬೇಕಾಗತೈತಿ," ಅಂದರು. ನಾನು ಸೇಬು ತಂದೆ, ದ್ರಾಕ್ಷಿ ತಂದೆ, ಬಿರಿಯಾನಿ ಕಟ್ಟಿಸಿಕೊಂಡು ಬಂದೆ. ಎಲ್ಲವೂ ಹೋದ ದಾರಿಯಲ್ಲೇ ವಾಪಸು ಬಂದವು. ಅವಳು ಬಚ್ಚಲಿನಲ್ಲಿ ಗೋಡೆ ಹಿಡಿದು ನಿಂತಾಗ ನಾನು ಹೊರಗೆ ನೀರಿನ ಚೊಂಬು ಹಿಡಿದು ನಿಲ್ಲುತ್ತಿದ್ದೆ.

ಮರುದಿನ ಮಧ್ಯಾಹ್ನ ಹಾಸಿಗೆಯಿಂದಲೇ ಮೆಲ್ಲಗೆ ಕರೆದಳು.

"ಅಪ್ಪಾ, ತಂಗಳ ರೊಟ್ಟಿ ಜೊತಿ ಅಜ್ಜಿ ಮಾಡಿದ ಪುಂಡಿ ಚಟ್ನಿ ತಿನ್ನಬೇಕು ಅನ್ನಸಾಕ ಹತ್ತೈತಿ. ಅದೊಂದ ಸೇರತೈತಿ ನೋಡು."

ಯಾ ಅಲ್ಲಾ! ಲೋಕದಲ್ಲಿರುವ ಅಷ್ಟು ತಿನಿಸುಗಳಲ್ಲಿ ನಾನು ಗಡಿಪಾರು ಮಾಡಿದ ಆ ಎರಡೇ ಬೇಕೇ ಈ ಹುಡುಗಿಗೆ?

"ಚಟ್ನಿ ನಿಮ್ಮಪ್ಪನ ಸುಪರ್ದಿಯಾಗೈತವ್ವಾ, ಅವರನ್ನ ಕೇಳು," ಎಂದು ಮಾಸುಮಾಬಿ ನನ್ನನ್ನೇ ನೋಡಿದಳು.

"ತರ್ತೀನಿ, ಈಗ ತರ್ತೀನಿ," ಎನ್ನುತ್ತಾ ಹಿತ್ತಲಿಗೆ ಓಡಿದೆ. ಗೋಡೆಯ ಮೇಲಿಂದ ಕೂಗುವಷ್ಟು ಸಹನೆ ಇರಲಿಲ್ಲ. ಪಕ್ಕದ ಸಂದಿಯಲ್ಲಿ ನುಗ್ಗಿ ವಿರೂಪಮ್ಮನ ಅಂಗಳದಲ್ಲಿ ಪ್ರತ್ಯಕ್ಷನಾದೆ.

"ವಿರೂಪಮ್ಮಾ, ಆ ಜಾಡಿ ಖಾಲಿ ಆತೇನು? ಅರ್ಧ ಇದ್ರ ಅರ್ಧ ಕೊಡು ಬೇ, ನಿನ್ನ ಕೈ ಮುಗೀತೀನಿ. ಎಮ್ಮಿಗಂತೂ ಹಾಕಿಲ್ಲ ಹೌದಿಲ್ಲೋ?"

ವಿರೂಪಮ್ಮ ಬಾಯಿಗೆ ಸೆರಗು ಹಿಡಿದಳು. "ಯಾವ ಎಮ್ಮಿ, ಸಾಹೇಬ್ರ? ಹೋದ ವರ್ಷನ ಮಾರಿದ್ವಲ್ಲ."

ಕೊಟ್ಟಿಗೆಯತ್ತ ನೋಡಿದೆ. ಅಲ್ಲಿ ಆಕೆಯ ಗಂಡನ ಮೋಟಾರ್ ಸೈಕಲ್ಲು ನಿಂತಿತ್ತು.

"ಮತ್ತ ನಾ ಕೊಟ್ಟಿದ್ದೆಲ್ಲಾ?"

"ನೀವು ಹಿತ್ತಲದಿಂದ ಕೊಡ್ತಿದ್ರಿ, ಮಾಸುಮಕ್ಕ ಮುಂದಿನ ಬಾಗಲದಿಂದ ಒಯ್ತಿದ್ಳು. ಜಾಡಿನೂ ಅವತ್ತ ಒಯ್ದಾಳ. ನಿನ್ನಿ ವಡಿ ನಮಗೂ ಕೊಟ್ಟಿದ್ಳು, ಭಾಳ ಚೊಲೋ ಇದ್ವು."

ನಿನ್ನೆಯ ವಡೆ! ನಾನು ಬೆರಳು ಚೀಪಿ ಹೊಗಳಿದ, ತಾಜಾತನಕ್ಕೇ ಮಾದರಿಯಾಗಿದ್ದ ವಡೆ!

ಕಾಲೆಳೆದುಕೊಂಡು ಮನೆಗೆ ಬಂದೆ. ಶಬನಂ ಅಡುಗೆಮನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ರೊಟ್ಟಿಗೆ ಚಟ್ನಿ ಒತ್ತಿಕೊಂಡು ತಿನ್ನುತ್ತಿದ್ದಳು. ಪಕ್ಕದಲ್ಲಿ ಪಿಂಗಾಣಿ ಜಾಡಿ. ತುಟಿಯೆಲ್ಲ ಎಣ್ಣೆ, ಕಣ್ಣಲ್ಲಿ ಖಾರದ ನೀರು. ನಾವಿಬ್ಬರೂ ಅವಳನ್ನೇ ನೋಡುತ್ತಾ ಕಾದೆವು. ಅವಳು ಏಳಲಿಲ್ಲ, ಬಚ್ಚಲಿಗೆ ಓಡಲಿಲ್ಲ. ಒಂದು ತೇಗು ತೇಗಿ, "ಅವ್ವಾ, ಇನ್ನೊಂದು ರೊಟ್ಟಿ," ಅಂದಳು. ನನ್ನ ಕಣ್ಣೂ ತುಂಬಿ ಬಂತು, ಖಾರ ನಾನು ತಿಂದಿರಲಿಲ್ಲ.

"ಎಲ್ಲಿಟ್ಟಿದ್ದಿ ಇದನ್ನ?" ಎಂದೆ ಮೆತ್ತಗೆ.

"ಫ್ರಿಜ್ಜಿನ್ಯಾಗ, ಕೆಳಗಿನ ಡಬ್ಬ್ಯಾಗ. ರೊಟ್ಟಿನೂ ಅಲ್ಲೇ ಅದಾವು."

"ಆಕಿ ಕೂಗಲಿಲ್ಲ?"

"ಯಾಕ ಕೂಗತಾಳ? ನೀರಿನ ಬಾಟಲಿ ಒತ್ತೀನಿ. ನೀರಿಗೆ ಆಕಿ ಎಂದೂ ತಕರಾರು ತಗಿಯಂಗಿಲ್ಲ."

ಒಳಗೇನಿದೆ ಎಂದು ಚಿತ್ರದಲ್ಲಿ ತೋರಿಸುವ ಬಾಗಿಲ ಮೇಲಿನ ಪುಟ್ಟ ಪರದೆ ನೋಡಿದೆ. ಸಾಲು ಸಾಲು ನೀರಿನ ಬಾಟಲಿಗಳು! ಅಷ್ಟು ನೀರು ನಮ್ಮ ಬೀದಿಯ ನಲ್ಲಿಯಲ್ಲೂ ಬರುತ್ತಿರಲಿಲ್ಲ.

"ನನಗ ಮೊದ್ಲ ಹೇಳಬಾರದಿತ್ತಾ?"

"ಅಷ್ಟು ಆಸೆಪಟ್ಟು ತಂದೀರಿ. ಹೇಳಿದ್ರ ನಿಮ್ಮ ಮಾರಿ ಸಣ್ಣದಾಗತಿತ್ತು," ಎಂದಳು. ಆ ಮಾತಿಗೆ ನಾನು ನಿಜಕ್ಕೂ ಕರಗಿ ನೀರಾದೆ. ಫ್ರಿಜ್ಜಿನ ಬಾಗಿಲು ತೆರೆದು ಅದರೆದುರು ಪೆಚ್ಚಾಗಿ ನಿಂತುಬಿಟ್ಟೆ. ನಾನೇ ಇಟ್ಟು ಮರೆತಿದ್ದ ಯಾವುದೋ ಮೊಟ್ಟೆಯ ಗಡುವು ಮುಗಿದಿತ್ತೋ ಏನೋ, ಆಕೆ ಮತ್ತೆ ಜೇನುದನಿಯಲ್ಲಿ ಉಲಿದಳು.

"ಏನಂತಾಳ್ರಿ ಆಕಿ?" ಮಾಸುಮಾಬಿ ಕೇಳಿದಳು.

"ಹಳೇದಾಗೈತಿ, ತೆಗೀರಿ ಅಂತಾಳ."

ಮಾಸುಮಾಬಿ ನನ್ನನ್ನು ಬೋಳುತಲೆಯಿಂದ ಅಂಗಾಲಿನವರೆಗೆ ಒಮ್ಮೆ ನೋಡಿದಳು. ಎದ್ದು ಬಂದು, ನನ್ನನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಬಾಗಿಲು ಮುಚ್ಚಿ ನೀರಿನ ಬಾಟಲಿಯ ಬಟನ್ ಒತ್ತಿದಳು. ಶಬನಂ ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಬಿದ್ದು ಬಿದ್ದು ನಕ್ಕಳು.

"ಹ್ಞಾಂ, ಇನ್ನ ನೀವೂ ಕೆಡಂಗಿಲ್ಲ," ಎಂದಳು ನನ್ನ ಹೆಂಡತಿ. "ಬರ್ರಿ, ಉಣ್ಣಾಕ ಕೂಡ್ರಿ. ತಂಗಳ ಐತಿ."