ಬಂಡೆಯ ಮೇಲೆ ಒಂದು ಉಪವಾಸ

ಸುಮ್ಮನೆ ಕೂರುವುದು ನನ್ನ ಜಾತಕದಲ್ಲೇ ಇಲ್ಲ. ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲಂತೂ ನಾಗಮಂಗಲದ ನಮ್ಮ ಮನೆಯಲ್ಲಿ ನಡುಮನೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಅಡುಗೆಮನೆಗೆ ಓಡಾಡುತ್ತ ಸಾರಿನ ಉಪ್ಪು ಖಾರ ತಿದ್ದುವುದೇ ನನ್ನ ಉದ್ಯೋಗವಾಗಿತ್ತು. ಹೀಗಿರುವಾಗ ಫೋನಿನ ವಿಡಿಯೋದಲ್ಲಿ ಯಾರೋ ಗಡ್ಡದವರು, ಮೂರು ದಿನ ನಿರ್ಜನ ಜಾಗದಲ್ಲಿ ಒಬ್ಬರೇ ಮೌನವಾಗಿ ಉಪವಾಸ ಕೂತರೆ ಮುಂದಿನ ಬದುಕಿನ ದಾರಿ ಕಣ್ಣೆದುರು ಕಾಣುತ್ತದೆ ಎಂದರು. ನನಗೆ ಆ ದಾರಿ ತುರ್ತಾಗಿ ಬೇಕಿತ್ತು. ಮಾರನೆಯ ಬೆಳಗ್ಗೆಯೇ ಎರಡು ಬಾಟಲಿ ನೀರು, ಒಂದು ಕಂಬಳಿ ಹಿಡಿದು ಹೊರಟೆ. ನನ್ನ ಅಡುಗೆ ಅಷ್ಟೊಂದು ಸಾಕಾಯಿತಾ ಎಂದು ಹೆಂಡತಿ ಸರೋಜ ಕೇಳಿದಳು. ಮೌನ ಶುರುವಾಗಿದೆ ಎಂದು ಕೈಸನ್ನೆ ಮಾಡಿ ಬಸ್ಸು ಹತ್ತಿದೆ.

ಬಿಂಡಿಗನವಿಲೆ ಹತ್ತಿರದ ಬಂಡೆಯ ಮೇಲೆ ಪದ್ಮಾಸನ ಹಾಕಿದ ಹತ್ತೇ ನಿಮಿಷಕ್ಕೆ ಕಾಲು ಜೋಮು ಹಿಡಿಯಿತು. ಎದ್ದು ಓಡಾಡಿದೆ. ಮತ್ತೆ ಕೂತೆ. ಇರುವೆ ಬಂತು. ಒಲೆಯ ಮೇಲೆ ಹಾಲಿಟ್ಟು ಮರೆತು ಬಂದೆನೇನೋ ಎಂದು ಗಾಬರಿಯಾಯಿತು. ನಾನಾದರೋ ಹುಟ್ಟಿದಾಗಿನಿಂದ ಹಾಲು ಕಾಯಿಸಿದವನೇ ಅಲ್ಲ. ಮಧ್ಯಾಹ್ನ ಕುರಿ ಮೇಯಿಸುವ ನಿಂಗಪ್ಪ ಬಂದು, “ಯಾಕ್ ಸಾ, ಮನೇಲಿ ಜಗಳ್ವಾ?” ಅಂದ. ಇದು ಸಾಧನೆ ಎಂದು ಮೌನ ಮುರಿದು ವಿವರಿಸಿದೆ. ಅವನ ಅಣ್ಣನೂ ಅದೇ ಬಂಡೆಯ ಮೇಲೆ ಇಂಥದೇ ಏನೋ ಹೇಳುತ್ತ ಕೂತಿದ್ದನಂತೆ, ಅತ್ತಿಗೆ ಬಂದು ಕರೆಯುವ ತನಕ. ಊಟ ಬಿಟ್ಟು ಒಂಟಿಯಾಗಿ ಕೂತ ಗಂಡಸಿಗೆ ನಮ್ಮ ಕಡೆ ಇರುವುದು ಅದೊಂದೇ ಅರ್ಥ. ನಿಂಗಪ್ಪ ರಸ್ತೆಗಿಳಿದು ಬಸ್ಸಿನ ಕಂಡಕ್ಟರಿಗೆ ಸುದ್ದಿ ಮುಟ್ಟಿಸಿಯೇ ಬಂದ. ಕಂಡಕ್ಟರು ನನ್ನ ಹಳೆಯ ವಿದ್ಯಾರ್ಥಿ.

ನಾಲ್ಕು ಗಂಟೆಯ ಬಸ್ಸಿಗೆ ಸರೋಜ ಬಂದಳು. ಬಂಡೆ ಹತ್ತಿ, ಸೆರಗಿನಲ್ಲಿ ಬೆವರು ಒರೆಸಿಕೊಂಡು ಎದುರಿಗೆ ಕೂತಳು.

“ಗಂಡಂಗೆ ಹಿಟ್ಟು ಹಾಕ್ಲಿಲ್ವಾ ಅಂತ ಬೀದಿಯೋರೆಲ್ಲ ಕೇಳ್ತಾವ್ರೆ. ರಿಟೈರಾದ್ಮೇಲೆ ಒಂದಿನಾನೂ ನನ್ ಜೊತೆ ಕುಂತ್ಕಂಡು ಮಾತಾಡ್ಲಿಲ್ಲ. ಈ ಕಲ್ಲಿನ್ ಜೊತೆ ಮೂರ್ ದಿನ ಕೂರಕ್ಕೆ ಬಂದ್ಬುಟ್ರಿ.”

ನನಗೆ ನಾಚಿಕೆಯಾಯಿತು. ಮಾತು ತಪ್ಪಿಸಲು, ತಿನ್ನುವುದಕ್ಕೆ ಏನು ತಂದಿದ್ದೀಯ ಎಂದು ಕೇಳಿದೆ.

“ಏನೂ ಇಲ್ಲ. ನೀವ್ ಹೋದ್ಮೇಲೆ ಒಲೆ ಹಚ್ಚಿಲ್ಲ. ಒಬ್ಳೇ ಎಂಗ್ ಉಣ್ಲಿ?”

ಗಡ್ಡದವರ ಉಪದೇಶವಿಲ್ಲದೆ ಅವಳೂ ಬೆಳಗ್ಗೆಯಿಂದ ಒಂಟಿಯಾಗಿ ಉಪವಾಸ ಕೂತಿದ್ದಳು. ನಿಂಗಪ್ಪನೂ ಅಷ್ಟೇ, ಹಸಿದವನ ಮುಂದೆ ಉಣ್ಣಲಾರದೆ ತನ್ನ ಬುತ್ತಿ ಬಿಚ್ಚಿರಲಿಲ್ಲ. ಅದರಲ್ಲಿದ್ದ ಮುದ್ದೆ, ಉಪ್ಸಾರನ್ನೇ ಮೂವರೂ ಹಂಚಿಕೊಂಡೆವು. ಮೊದಲ ತುತ್ತಿಗೇ, ಉಪ್ಸಾರಿಗೆ ಖಾರ ಸಾಲದು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಸರೋಜ ನನ್ನ ಮುಖವನ್ನೇ ನೋಡುತ್ತಿದ್ದಳು. ಮುದ್ದೆಯ ಜೊತೆ ಆ ಮಾತನ್ನೂ ನುಂಗಿದೆ. ಮೂರು ದಿನವೆಂದು ಹೊರಟ ಸಾಧನೆಯಲ್ಲಿ ನನಗೆ ಕೈಗೂಡಿದ ಮೌನ ಅದೊಂದೇ.