ತೂಗುಸೇತುವೆಯ ಮೇಲೊಂದು ತಪ್ಪೊಪ್ಪಿಗೆ

ಆ ಜಗತ್ಪ್ರಸಿದ್ಧ ತೂಗುಸೇತುವೆಯನ್ನು ಸೈಕಲ್ಲಿನಲ್ಲೇ ದಾಟುತ್ತೇನೆ, ಅದೂ ಹೆಂಡತಿಯನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು, ನಟ್ಟನಡುವೆ ಅವಳಿಗೆ ಹನ್ನೊಂದು ವರ್ಷದ ಸುಳ್ಳೊಂದನ್ನು ಒಪ್ಪಿಸಿಬಿಡುತ್ತೇನೆ ಎಂದು ಶಪಥ ಮಾಡಿದೆ. ಶಪಥ ಮಾಡಿದ್ದು ನೆಲದ ಮೇಲೆ ನಿಂತು. ಅಲ್ಲಿ ನನ್ನಷ್ಟು ಧೀರ ಮತ್ತೊಬ್ಬನಿಲ್ಲ!

ಸುಳ್ಳು ಇಷ್ಟೇ. ಎತ್ತರವೆಂದರೆ ನನಗೆ ಜೀವ ಬಾಯಿಗೆ ಬರುತ್ತದೆ. ಅವಳಿಗೋ ಏಳನೇ ಮಹಡಿಯಲ್ಲಿ, ಬಾಲ್ಕನಿಯಿರುವ ಮನೆಯ ಆಸೆ. ಕೇಳಿದಾಗಲೆಲ್ಲ ಲಿಫ್ಟಿನ ಮೇಲೆ, ನೀರಿನ ಪೈಪಿನ ಮೇಲೆ ತಪ್ಪು ಹೊರಿಸಿ ತಪ್ಪಿಸಿಕೊಂಡಿದ್ದೆ.

ಬೆಳಗಿನ ಮಂಜಿನಲ್ಲಿ ಸೇತುವೆ ಅರ್ಧವೇ ಕಾಣುತ್ತಿತ್ತು. ದಪ್ಪ ಉಕ್ಕಿನ ಹಗ್ಗಗಳು ಮೇಲೆ ಹೋಗಿ ಬಿಳಿಯಲ್ಲಿ ಕರಗಿದ್ದವು. ಆಕಾಶವೇ ಯಾರನ್ನೋ ಮಲಗಿಸಲು ತೊಟ್ಟಿಲು ಕಟ್ಟಿದಂತೆ. ಕೆಳಗೆ ನೀರಿಲ್ಲ, ಎದುರಿಗೆ ದಡವಿಲ್ಲ. ಗಾಳಿ ಬಂದಾಗ ಕಾಲಡಿ ಮಾತ್ರ ಮೆಲ್ಲಗೆ ತೂಗುತ್ತಿತ್ತು. ಮುಂದಿನ ಚಕ್ರದ ಮೇಲೆ ನೆಟ್ಟ ಕಣ್ಣನ್ನು ನಾನು ಕದಲಿಸಲಿಲ್ಲ.

ನಡುವೆ ಬಂದಾಗ ಹೆಂಡತಿ, "ಒಂದ್ನಿಮಿಷ ನಿಲ್ಸಿ, ನೋಡ್ಬೇಕು," ಎಂದು ಇಳಿದಳು. ಒಂದು ಕಾಲೂರಿ, ಕತ್ತು ತಿರುಗಿಸದೆ ಕಾದೆ. ಹಿಂದೆ ಹೆಜ್ಜೆ ಸಪ್ಪಳ.

"ಕೂತ್ಕೋ, ಕೂತ್ಕೋ," ಎಂದೆ.

ಕ್ಯಾರಿಯರ್ ಕುಗ್ಗಿತು. ಹೊರಟೆ. ಮಂಜು ಕೆನ್ನೆ ಸವರಿತು. ಸೈಕಲ್ಲು ಮೋಡದ ಮೇಲೆ ತೇಲುತ್ತಿದೆಯೇನೋ ಅನ್ನಿಸಿ ಭಯವೂ ಹಗುರಾಯಿತು. ವಾರದಿಂದ ತೂಗಿ ತೂಗಿ ಇಟ್ಟಿದ್ದ ಮಾತುಗಳನ್ನು ತೂಗುಸೇತುವೆಯ ಮೇಲೆ ಇಳಿಸಿದೆ.

"ನನಗೆ ಎತ್ತರ ಅಂದ್ರೆ ಭಯ ಕಣೇ."

"ಹೂಂ."

"ಸ್ಟೂಲ್ ಹತ್ತಿದ್ರೂ ಕಾಲು ನಡುಗುತ್ತೆ. ನಿನ್ನ ಏಳನೇ ಮಹಡಿಗೆ ಅಡ್ಡ ಬಂದಿದ್ದು ಅದೇ."

"ಹೂಂ."

"ಕೋಪಾನಾ? ನೀನು ಬಿಟ್ರೆ ನನಗಿನ್ಯಾರಿದ್ದಾರೆ ಹೇಳು, ಚಿನ್ನ?"

ಹಿಂದೆ ಯಾರೋ ಕೆಮ್ಮಿದರು. ಅಷ್ಟು ದಪ್ಪ ಗಂಟಲು ನಮ್ಮ ಮನೆಯದಲ್ಲ.

ದಡ ಸಿಕ್ಕ ಮೇಲೆ ತಿರುಗಿ ನೋಡಿದೆ. ಸೇತುವೆಗೆ ಬಣ್ಣ ಬಳಿಯುವವನು ಮಡಿಲಲ್ಲಿ ಖಾಲಿ ಡಬ್ಬಿಯಿಟ್ಟುಕೊಂಡು ಕೂತಿದ್ದ.

"ನೀವೇ ಕೂತ್ಕೋ ಅಂದ್ರಲ್ಲ ಸಾರ್. ಬಣ್ಣ ತರೋಕೆ ನಡ್ಕೊಂಡು ಹೊರಟಿದ್ದೆ," ಎಂದವನು ದನಿ ತಗ್ಗಿಸಿದ. "ನಾಚ್ಕೋಬೇಡಿ. ನನಗೂ ಎತ್ತರ ಆಗಲ್ಲ. ಮನೇಲಿ ಹೇಳಿಲ್ಲ."

ಅಷ್ಟರಲ್ಲಿ ಮಂಜಿನೊಳಗಿಂದ ಹೆಂಡತಿ ಆರಾಮವಾಗಿ ನಡೆದು ಬಂದಳು. ನಾನು ಬಾಯಿ ತೆರೆಯುವ ಮೊದಲೇ ಅವನು ಉಪಕಾರಕ್ಕೆ ನಿಂತ.

"ಅಕ್ಕಾ, ನಿಮ್ಮ ಯಜಮಾನ್ರು ಏಳನೇ ಮಹಡಿ ಬೇಡ ಅಂದಿದ್ದು ಭಯಕ್ಕಂತೆ. ಪಾಪ, ಬೈಬೇಡಿ."

"ಗೊತ್ತಪ್ಪ," ಎಂದಳು ಅವಳು. "ಗೊತ್ತಿದ್ದೇ ಕೇಳ್ತಿದ್ದೆ."

ನಾನು ಸೈಕಲ್ಲಿಗೆ ಆತುಕೊಂಡೆ. "ಗೊತ್ತಿದ್ದೂ ಯಾಕೆ ಕೇಳ್ತಿದ್ದೆ?"

"ಬೇಡ ಅಂದಾಗಲೆಲ್ಲ ನಿಮಗೆ ಪಾಪ ಅನ್ಸತ್ತೆ, ಏನಾದ್ರೂ ಕೊಡಿಸ್ತೀರಿ. ಹೊಲಿಗೆ ಮಷೀನು ಹಾಗೇ ಬಂತು, ಓವನ್ನು ಹಾಗೇ ಬಂತು. ಈ ಪ್ರವಾಸ ಮತ್ತೆ ಹೇಗೆ ಬಂತು ಅಂದ್ಕೊಂಡ್ರಿ? ಈಗ ನಿಜ ಹೇಳಿ ಎಲ್ಲಾ ಕೆಡಿಸ್ಬೇಡಿ. ಮುಂದಿನ ತಿಂಗಳು ಮತ್ತೆ ಕೇಳ್ತೀನಿ. ನೆಪ ಮಾತ್ರ ಹೊಸದಿರಲಿ."